ಹುಣ್ಣಿಮೆಯ ಮರುದಿನ

ಹಳೇ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆ ಇನ್ನೂ ಹೊಗೆಯಾಡುತ್ತಿತ್ತು. ಇವತ್ತು ಅದನ್ನು ನೋಡಲು ನಗರಪಾಲಿಕೆಯ ಪರಂಪರೆ ಸಮಿತಿ ಬರುವುದಿತ್ತು. ನಿನ್ನೆ ಸಂಜೆಯೇ ಸುಟ್ಟುಹೋಯಿತು. ನಮ್ಮ ತೈವಾನಿನ ಹಳೇ ಕಟ್ಟಡಗಳಿಗೆ ಇದೊಂದು ಚಾಳಿ. ಉಳಿಸೋಣ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಅದನ್ನು ನಂಬದಿರುವುದೇ ಇನ್‌ಸ್ಪೆಕ್ಟರ್ ತೂ ಎಂಬ ನನ್ನ ಕೆಲಸ.

ಕಾವಲುಗಾರ ಕ್ವೋ ತಾತ ಬೇಡಿ ಹಾಕಲಿ ಎಂಬಂತೆ ಕೈ ಮುಂದೆ ಚಾಚಿಕೊಂಡೇ ನಿಂತಿದ್ದರು. ಸಕ್ಕರೆ ಕಾರ್ಖಾನೆ ಮುಚ್ಚಿ ಎಲ್ಲರೂ ಹೋದ ಮೇಲೆ ಉಳಿದವರು ಅವರೊಬ್ಬರೇ.

"ನಂದೇ ತಪ್ಪು ಮೇಡಂ. ಭೂಮಿದೇವರಿಗೆ ಪೂಜೆ ಮಾಡಿ ಕಾಣಿಕೆಗೆ ಅಂತ ಕಾಗದದ ದುಡ್ಡು ಸುಟ್ಟೆ. ಕೆಂಡ ಆರಿಸೋದು ಮರ್ತೋಯ್ತು. ಕರ್ಕೊಂಡ್ ಹೋಗಿ."

"ಯಾವತ್ತಿನ ಪೂಜೆ?"

"ನಿನ್ನೆ ಹುಣ್ಣಿಮೆ ಅಲ್ವಾ," ಎಂದರು. ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಗೋಡೆ ಪಕ್ಕದ ಪುಟ್ಟ ಗುಡಿಯ ಮುಂದೆ ಕಾಗದದ ಬೂದಿ ಇದ್ದದ್ದೇನೋ ನಿಜ. ಅವರ ಕೋಣೆಯಲ್ಲಿ ಒಂದು ಮಂಚ, ಎರಡು ಬಟ್ಟಲು. ಆ ಎರಡನೇ ಬಟ್ಟಲು ನನ್ನ ಕಣ್ಣಿಗೆ ಬಿತ್ತು. ನನ್ನ ಮನೆಯಲ್ಲಿರುವುದು ಒಂದೇ.

* * *

ಮೊದಲ ಅನುಮಾನ ಗುತ್ತಿಗೆದಾರ ಹೋ ಮೇಲೆ. ಬಾಯ್ಲರ್ ಮನೆ ನೆಲಸಮವಾದರೆ ಅವನಿಗೆ ಕೆಲಸ.

"ನನ್ ಹತ್ರ ಗೇಟಿನ ಕೀ ಎಲ್ಲಿದೆ? ಬೀಗ ಒಡ್ದಿದೆಯಾ, ಮೊದ್ಲು ಅದನ್ನ ನೋಡಿ!" ಎಂದು ರೇಗಿದ. ಕಚೇರಿಯ ಮುಂದೆ ಮೇಜು ಹಾಕಿ ಹಣ್ಣು, ಬಿಸ್ಕತ್ತು ಜೋಡಿಸುತ್ತಿದ್ದ. "ಅಡ್ಡ ನಿಲ್ಬೇಡಿ ಮೇಡಂ, ಪೂಜೆ ಹೊತ್ತು."

ಆ ಮೇಜು ನೋಡಿ ಅಮ್ಮನ ನೂಡಲ್ಸ್ ಅಂಗಡಿ ನೆನಪಾಯಿತು. ಹಾಗೇ ನಿಂತುಬಿಟ್ಟೆ.

ಬೀಗ ಒಡೆದಿರಲಿಲ್ಲ. ಕೀ ಇದ್ದದ್ದು ಇಬ್ಬರ ಬಳಿ: ತಾತ, ಮತ್ತು ವಾಸ್ತುಶಿಲ್ಪಿ ಪೈ. ಕಾರ್ಖಾನೆಯನ್ನು ಕಲಾಕೇಂದ್ರ ಮಾಡಲು ಪಾಲಿಕೆ ಆರಿಸಿದ್ದು ಅವಳ ನಕ್ಷೆಯನ್ನೇ.

* * *

"ಪಾಪ, ತಾತ ಹುಣ್ಣಿಮೆ ಪೂಜೆ ಮಾಡ್ತಿದ್ರು. ನಾನೇ ನೋಡ್ದೆ," ಎಂದಳು ಪೈ.

"ನಿಮ್ಮ ಮನೇಲೂ ಹುಣ್ಣಿಮೆಗೇನಾ?"

"ಎಲ್ಲಾರೂ ಅವತ್ತೇ ಅಲ್ವಾ?"

"ಮನೆಯವ್ರು ಅವತ್ತು. ಅಂಗಡಿ, ಕಾರ್ಖಾನೆಯವ್ರು ಮಾರನೇ ದಿನ. ಹೋ ಇವತ್ತು ಮಾಡ್ತಿದಾನೆ. ನಮ್ಮಮ್ಮನೂ ಹಾಗೇ ಮಾಡ್ತಿದ್ಳು. ಕಾರ್ಖಾನೆಯಲ್ಲೇ ಮುದುಕರಾದವ್ರು ನಿನ್ನೆ ಯಾಕೆ ಕಾಗದ ಸುಡ್ತಾರೆ? ಆ ಬೂದಿ ಇಟ್ಟೋರಿಗೆ ಈ ಲೆಕ್ಕ ಗೊತ್ತಿರ್ಲಿಲ್ಲ."

ಅವಳ ಹಿಂದಿನ ಗೋಡೆಯ ಮೇಲೆ ನಕ್ಷೆ ಇತ್ತು. ಬಾಯ್ಲರ್ ಮನೆ ಇದ್ದ ಕಡೆ ಗಾಜಿನ ಸಭಾಂಗಣ. ಸಮಿತಿ ಉಳಿಸಿ ಎಂದಿದ್ದರೆ ಅದು ಏಳುವ ಹಾಗೇ ಇರಲಿಲ್ಲ.

"ಬರೀ ಹಳೇ ಇಟ್ಟಿಗೆ ಮೇಡಂ ಅದು," ಎಂದಳು ಕೊನೆಗೆ. "ಒಳಗೆ ಯಾರೂ ಇಲ್ಲ ಅಂತ ನೋಡ್ಕೊಂಡೇ ಹಚ್ಚಿದೆ. ತಾತಂಗೆ ವಯಸ್ಸಾಗಿದೆ, ಆಕಸ್ಮಿಕ ಅಂತ ಬಿಟ್ಬಿಡ್ತೀರಿ ಅಂದ್ಕೊಂಡೆ."

* * *

"ಯಾಕೆ ತಾತ ಸುಳ್ಳು ಹೇಳಿದ್ರಿ?"

"ಅವ್ಳು ಓಡಿಹೋಗಿದ್ದು ನೋಡ್ದೆ. ಬೂದಿನೂ ನೋಡ್ದೆ." ಕ್ವೋ ತಾತ ಕಣ್ಣೊರೆಸಿಕೊಂಡರು. "ಭಾನುವಾರ ಬಂತಂದ್ರೆ ಊಟ ಕಟ್ಟಿಸ್ಕೊಂಡು ಬರೋಳು. ಇಬ್ರೂ ತಿಂತಿದ್ವಿ. ಇನ್ಯಾರು ಬರ್ತಾರೆ ಮೇಡಂ ಇಲ್ಲಿಗೆ?"

ಅಪರಾಧಿ ಸಿಕ್ಕ ದಿನ ನನಗೆ ಇಷ್ಟು ಬೇಸರವಾದದ್ದು ಇದೇ ಮೊದಲು.

ತಾತ ಮಸಿ ಹಿಡಿದ ಗುಡಿಯನ್ನು ಒರೆಸಿದರು. ಸೇಬುಹಣ್ಣು ಇಟ್ಟು ಊದುಬತ್ತಿ ಹಚ್ಚಿದರು. ಅದು ಉರಿದು ಮುಗಿಯುವ ತನಕ ಕಾದೆವು. ಆಮೇಲೆ ಹಣ್ಣು ಕೊಯ್ದು ಎರಡೂ ಬಟ್ಟಲಿಗೆ ಹಾಕಿದರು.

ಠಾಣೆಯಲ್ಲಿ ಕೆಲಸ ರಾಶಿ ಬಿದ್ದಿತ್ತು. ಆದರೂ ನಾನು ಅಲ್ಲೇ ತಾತನ ಪಕ್ಕ ಕೂತೆ.