ನಿಂಬೆಹಣ್ಣು ಹೋಗದ ಸೈಲೆನ್ಸರ್

"ರೀ ಮೇಸ್ತ್ರಿ! ದಪ್ಪ ಪೈಪು ಹಾಕಿಕೊಡ್ತೀರೋ, ಇಲ್ಲ ನಾನು ಮೆಕ್ಯಾನಿಕ್ ತೂರಿ ಹತ್ರ ಹೋಗ್ಲೋ? ಎರಡರಲ್ಲೊಂದು ಹೇಳಿ!"

ಟ್ರ್ಯಾಕ್ಟರಿನ ಕೆಳಗಿನಿಂದ ಮೊದಲು ಎರಡು ಬೂಟು ಹೊರಬಂದವು... ಆಮೇಲೆ ಮಸಿ ಮೆತ್ತಿದ ಪ್ಯಾಂಟು... ಕೊನೆಗೆ ಒಂದು ಮುಖ.

ಸರೀನಾಳ ಮುಂದಿನ ಬೈಗುಳ ಗಂಟಲಲ್ಲೇ ಉಳಿಯಿತು.

'ಅಯ್ಯೋ! ಹೊಸದಾಗಿ ಬಂದಿರೋ ಸೈಲೆನ್ಸರ್ ಮೇಸ್ತ್ರಿ ಮುದುಕ ಅಂತ ಯಾರೋ ಅಂದಿದ್ರಲ್ಲ!'

ಮುದುಕನಂತೆ ಮುದುಕ! ಮೂವತ್ತೂ ದಾಟಿರಲಿಲ್ಲ. ಅಗ್ರಿಜೆಂತೋ ಪಟ್ಟಣದ ಕಡೆಯ ಹುಡುಗ, ಹೆಸರು ಲಿಲ್ಲೋ. ಮೂಗಿನ ಮೇಲೊಂದು ಮಸಿಯ ಗೆರೆ. ಕಣ್ಣಲ್ಲಿ ನಗು.

"ನಿಮಗೆ ಓಟ ಬೇಕೋ, ಸದ್ದು ಬೇಕೋ?" ಎಂದು ಕೇಳಿದ.

"ಎರಡೂ ಬೇಕು!"

ಸರೀನಾ ಯಾರೆಂದು ಸೆರ್ರಾಮಾರಾ ಊರಿನವರಿಗೆ ಹೇಳಬೇಕಾಗಿಲ್ಲ, ನಿಮಗೆ ಹೇಳಬೇಕು. ಅವಳ ಅಮ್ಮ ಮಿಮ್ಮಾ ಬ್ರೆಡ್ ಬೇಯಿಸಿ ಮಾರುತ್ತಾಳೆ. ಸರೀನಾ ದಿನಾ ಬೆಳಿಗ್ಗೆ ಅಪ್ಪನ ಕಾಲದ ಎರಡು ಸಿಲಿಂಡರಿನ ಪುಟ್ಟ ಕಾರಿನಲ್ಲಿ ಅದನ್ನು ತುಂಬಿಕೊಂಡು ಬೆಟ್ಟದ ಹಳ್ಳಿಗಳಿಗೆಲ್ಲ ಹಂಚಿ ಬರುತ್ತಾಳೆ. ಆ ರಸ್ತೆಯ ಒಂದೊಂದು ತಿರುವೂ ಅವಳಿಗೆ ಅಂಗೈಯಷ್ಟು ಪರಿಚಯ. ಅದೇ ರಸ್ತೆಯಲ್ಲಿ ಪ್ರತಿ ಮೇ ತಿಂಗಳು ಬೆಟ್ಟ ಹತ್ತುವ ಕಾರ್ ರೇಸ್ ನಡೆಯುತ್ತದೆ. ಚಿಕ್ಕಂದಿನಿಂದ ಗೋಡೆಯ ಮೇಲೆ ಕೂತು ನೋಡಿದ್ದಾಯಿತು. ಈ ಸಲ ಅವಳೇ ಓಡಿಸಬೇಕು!

ಅಮ್ಮ ಒಪ್ಪಿದ್ದಳು. ಆದರೆ ಎಂಥ ಷರತ್ತು!

"ಒಂದೇ ಒಂದು ಸಲ. ಸಣ್ಣ ಕಾರುಗಳಲ್ಲಿ ಮೊದಲ ಮೂವರಲ್ಲಿ ಬಂದ್ರೆ ಕಾರು ನಿಂದು. ಇಲ್ಲಾಂದ್ರೆ ಆ ಪಲೆರ್ಮೋದವನಿಗೆ ಮಾರಿಬಿಡ್ತೀನಿ. ಆಮೇಲೆ ಅಳಬಾರದು."

ಪಲೆರ್ಮೋ ಪಟ್ಟಣದ ಆ ಆಸಾಮಿ ಹಳೇ ಪುಟ್ಟ ಕಾರುಗಳನ್ನು ಕೊಂಡು, ಬಣ್ಣ ಬಳಿದು, ಪ್ರವಾಸಿಗರನ್ನು ಸುತ್ತಾಡಿಸುವವನು. ಅಪ್ಪನ ಕಾರಿನಲ್ಲಿ ಯಾರೋ ಟೋಪಿ ಹಾಕಿಕೊಂಡು ಫೋಟೋ ಹೊಡೆಸಿಕೊಳ್ಳುವುದೇ! ನೆನೆದರೇ ಸರೀನಾಳ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ತೂಕ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತು ಹಾಕಿದ್ದಳು, ಪಕ್ಕದ ಸೀಟನ್ನೂ ಕಿತ್ತು ಹಾಕಿದ್ದಳು. ಈಗ ಉಳಿದಿದ್ದು ಇಂಜಿನ್ನಿನ ಶಕ್ತಿ.

ಲಿಲ್ಲೋ ಕಾರಿನ ಹಿಂಭಾಗಕ್ಕೆ ಬಗ್ಗಿ ನೋಡಿದ.

"ಕಾರ್ಖಾನೆಯವರು ಕೊಟ್ಟ ಸೈಲೆನ್ಸರ್ ಒಳಗೆ ಅಡ್ಡ ತಗಡುಗಳಿವೆ. ಬಗ್ಗಿದ ಕಡೆಯೆಲ್ಲ ಪೈಪು ಮುರುಟಿಕೊಂಡಿದೆ. ಹೊಗೆ ಹೊರಗೆ ಹೋಗೋಕೇ ಒದ್ದಾಡುತ್ತೆ. ಡಬ್ಬಿ ಬಿಚ್ಚಿ ತಗಡು ತೆಗೆದು, ಪೈಪು ನುಣ್ಣಗೆ ಬಗ್ಗಿಸಿಕೊಟ್ರೆ ಸಾಕು. ಗುಜರಿ ಪೈಪು, ನನ್ನ ಕೈಕೆಲಸ. ಪುಕ್ಕಟೆ ಅನ್ನೋ ಹಾಗೆ ಇಂಜಿನ್ನಿಗೆ ನಾಲ್ಕು ಕುದುರೆ ಶಕ್ತಿ ಜಾಸ್ತಿ ಸಿಗುತ್ತೆ. ಆದ್ರೆ ದಪ್ಪ ಪೈಪು ಮಾತ್ರ..."

"ನಿಂಬೆಹಣ್ಣು ಹೋಗ್ಬೇಕು!" ಎಂದಳು ಸರೀನಾ.

"ಏನು?"

"ಬಾರ್ ಮುಂದೆ ಹುಡುಗರು ಪೈಪಿನೊಳಗೆ ನಿಂಬೆಹಣ್ಣು ತೂರಿಸಿ ನೋಡ್ತಾರೆ. ಹೋದ್ರೆ ರೇಸ್ ಕಾರು. ಹೋಗ್ಲಿಲ್ಲ ಅಂದ್ರೆ ಹೊಲಿಗೆ ಮೆಷಿನ್ನು! ನಾನು ಅವರ ಮುಂದೆ ನಗೆಪಾಟಲಾಗೋಕೆ ತಯಾರಿಲ್ಲ. ಮಾಡ್ತೀರೋ, ತೂರಿ ಹತ್ರ ಹೋಗ್ಲೋ?"

ಲಿಲ್ಲೋ ಹಳೇ ಪೈಪನ್ನೊಮ್ಮೆ ಮುಟ್ಟಿ ನೋಡಿದ. ಅವಳ ಮೂಗಿನ ತುದಿಯ ಕೋಪವನ್ನೇ ನೋಡುತ್ತಾ ನಿಂತ.

"ಮಾಡ್ತೀನಿ. ಆದ್ರೆ ಮುಗಿಯೋವರೆಗೂ ನೋಡೋ ಹಾಗಿಲ್ಲ," ಎಂದ.

ಆ ವಾರವಿಡೀ ಸರೀನಾ ಎರವಲು ಗಾಡಿಯಲ್ಲಿ ಬ್ರೆಡ್ ಹಂಚಿ ಮುಗಿಸಿದವಳೇ ಲಿಲ್ಲೋನ ಅಂಗಡಿಗೆ ಓಡುತ್ತಿದ್ದಳು. ಕೈಯಲ್ಲೊಂದು ಬಿಸಿ ಬ್ರೆಡ್ಡು ನೆಪಕ್ಕೆ. ಅವಳು ಒಳಗೆ ಕಾಲಿಟ್ಟ ಕೂಡಲೇ ಅವನು ಅವಳ ಸೈಲೆನ್ಸರಿಗೆ ಗೋಣಿಚೀಲ ಹೊದಿಸುತ್ತಿದ್ದ.

ಒಂದು ದಿನ ಟ್ರ್ಯಾಕ್ಟರಿನ ಪೈಪು ಬಗ್ಗಿಸುವುದನ್ನು ಹೇಳಿಕೊಟ್ಟ. ಪೈಪಿನ ತುಂಬ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕೆಂಪಗೆ ಕಾಯಿಸಿದ.

"ಒಳಗೆ ಮರಳಿದ್ರೆ ಮುರುಟಲ್ಲ. ನಿಧಾನಕ್ಕೆ ಎಳೀರಿ... ಅವಸರ ಬೇಡ..."

ಉದ್ದನೆಯ ಸನ್ನೆಕೋಲಿನ ಮೇಲೆ ಅವಳ ಕೈ. ಅದರ ಮೇಲೆ ಅವನ ಕೈ. ಪೈಪು ಬಗ್ಗಿ ಮುಗಿದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ!

'ಏನಾಗಿದೆ ನಂಗೆ? ಬಂದಿದ್ದು ನಾಲ್ಕು ಕುದುರೆಗೆ... ಇಲ್ಲಿ ಎದೆಯೊಳಗೆ ನೂರು ಓಡ್ತಿವೆಯಲ್ಲ!'

ಶುಕ್ರವಾರ ಕಾರು ತಯಾರಾಯಿತು. ಹಿಂದುಗಡೆ ಫಳಫಳ ಹೊಳೆಯುವ ದಪ್ಪ ತುದಿ! ಸರೀನಾ ಒಂದೇ ಉಸಿರಿಗೆ ಬೆಟ್ಟ ಹತ್ತಿಸಿದಳು. ರಸ್ತೆ ಪೂರ್ತಿ ಹಿಂದಕ್ಕೆ ಹೊರಳುವ ಎರಡನೇ ಹಿಂತಿರುವು ದಾಟಿ ಮಡೊನ್ನಾ ಮಾತೆಯ ಪುಟ್ಟ ಗುಡಿ ಬರುವಷ್ಟರಲ್ಲಿ ಮೂರನೇ ಗೇರು! ಈ ಕಾರು ಹುಟ್ಟಿದಾಗಿನಿಂದ ಆ ಏರಿನಲ್ಲಿ ಎರಡನೇ ಗೇರು ಬಿಟ್ಟು ಮೇಲೆ ಹೋದದ್ದಿಲ್ಲ.

ವಾಪಸ್ ಬಂದವಳೇ ಲಿಲ್ಲೋನನ್ನು ಅಪ್ಪಿಕೊಂಡುಬಿಟ್ಟಳು. ಏನು ಮಾಡಿದೆನೆಂದು ಹೊಳೆದದ್ದೇ ತಡ, ಮುಖ ಕೆಂಪಾಗಿ ಕಾರು ಹತ್ತಿ ಪರಾರಿಯಾದಳು!

ಶನಿವಾರ ಸಂಜೆ ಬಾರ್ ಮುಂದೆ ಎಲ್ಲ ಕಾರುಗಳೂ ಸಾಲಾಗಿ ನಿಂತಿದ್ದವು. ತೂರಿ ನಿಂಬೆಹಣ್ಣು ಹಿಡಿದು ಬಂದ. ಊರಿನ ಇನ್ನೊಬ್ಬ ಮೆಕ್ಯಾನಿಕ್ಕು, ರೇಸಿನಲ್ಲಿ ಅವಳ ಎದುರಾಳಿ, ಬಾಯಿ ಜೋರು.

"ಬ್ರೆಡ್ ರಾಣಿಯವರ ಪೈಪು ನೋಡೋಣ!"

ನಿಂಬೆಹಣ್ಣು ಒಳಗೆ ಹೋಯಿತು. ಸರೀನಾ ಜಂಬದಿಂದ ನಕ್ಕಳು. ಆದರೆ ಹಣ್ಣು ಗೇಣುದ್ದ ಹೋಗಿ ಟಕ್ಕನೆ ನಿಂತುಬಿಟ್ಟಿತು! ತೂರಿ ಒಳಗೆ ಬೆರಳು ಹಾಕಿ ತಡಕಿದವನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ತುದಿಗೆ ಮಾತ್ರ ದಪ್ಪ ಕೊಳವೆ ಕಣ್ರೋ! ಒಳಗೆ ಅದೇ ಸಣ್ಣ ಪೈಪು! ಮೇಸ್ತ್ರಿ ಚೆನ್ನಾಗೇ ಟೋಪಿ ಹಾಕಿದ್ದಾನೆ!"

ಇಡೀ ಚೌಕವೇ ನಕ್ಕಿತು. ಸರೀನಾಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಾರನ್ನು ಅಲ್ಲೇ ಬಿಟ್ಟು, ಅಳು ನುಂಗಿಕೊಂಡು ಮನೆಗೆ ಬಂದರೆ, ವಿಷಯ ಕೇಳಿದ ಅಮ್ಮ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತಾ ತಲೆ ತಗ್ಗಿಸಿದಳು.

"ನಾನೇ ಹೋಗಿ ಅವನಿಗೆ ಹೇಳಿದ್ದೆ ಮಗಳೇ... ಕಾರು ಜೋರಾಗಿ ಓಡದ ಹಾಗೆ ಮಾಡಪ್ಪಾ, ನಂಗಿರೋದು ಒಬ್ಬಳೇ ಅಂತ. ಆದ್ರೆ ಅವನು..."

ಉಳಿದದ್ದನ್ನು ಕೇಳಲು ಸರೀನಾ ಅಲ್ಲಿರಲಿಲ್ಲ!

ಲಿಲ್ಲೋ ಅಂಗಡಿ ಮುಚ್ಚುತ್ತಿದ್ದ.

"ಒಂದೇ ಪ್ರಶ್ನೆ. ನಂಗೆ ಗೊತ್ತಾಗದ ಹಾಗೆ ಸಣ್ಣ ಪೈಪು ಹಾಕಿದ್ದು ಹೌದೋ ಅಲ್ವೋ?"

"ಹೌದು... ಆದ್ರೆ ಸರೀನಾ, ಒಂದು ನಿಮಿಷ..."

"ಸಾಕು!"

'ನಾಲ್ಕು ಕುದುರೆ ಕೊಟ್ಟು ಎಂಟನ್ನ ಬಚ್ಚಿಟ್ಟಿದ್ದಾನೆ! ನಾನು ಸೋಲ್ಲಿ, ಕಾರು ಹೋಗ್ಲಿ ಅಂತ ಅಮ್ಮನ ಜೊತೆ ಸೇರ್ಕೊಂಡಿದ್ದಾನೆ! ಇಂಥವನ ಕೈ ಹಿಡ್ಕೊಂಡು ನಿಂತಿದ್ನಲ್ಲ...'

ಕತ್ತಲಾಗುವ ಮೊದಲೇ ತೂರಿ ಅವಳ ಕಾರಿಗೆ ಮುಷ್ಟಿಗಾತ್ರದ ಪೈಪು ಕೂರಿಸಿದ. ಲಿಲ್ಲೋ ಮಾಡಿದ ಸೈಲೆನ್ಸರನ್ನು ಸರೀನಾ ಅವನ ಅಂಗಡಿಯ ಶಟರಿಗೆ ಬೀಸಿ ಒಗೆದಳು. ಅದರೊಳಗೆ ಸಿಕ್ಕಿಕೊಂಡಿದ್ದ ನಿಂಬೆಹಣ್ಣು ಉರುಳಿ ಹೊರಬಂತು. ಅವಳು ಹಿಂತಿರುಗಿಯೂ ನೋಡಲಿಲ್ಲ.

ಭಾನುವಾರ ಬಂತು. ರಸ್ತೆಯ ಎರಡೂ ಬದಿಗೆ ಜನವೋ ಜನ! ಬೆಳಿಗ್ಗೆ ಅಭ್ಯಾಸದ ಸುತ್ತು, ಮಧ್ಯಾಹ್ನ ನಿಜವಾದ ಓಟ.

ಸರೀನಾ ಆಕ್ಸಿಲರೇಟರ್ ಒತ್ತಿದಳು. ಅಬ್ಬಾ, ಏನು ಸದ್ದು! ಕಿವಿ ಗುಂಯ್ ಎಂದಿತು, ಜನ ಚಪ್ಪಾಳೆ ತಟ್ಟಿದರು. ಮೊದಲ ತಿರುವು ಹೋಯಿತು. ಎರಡನೇ ಹಿಂತಿರುವಿನಲ್ಲಿ ಕಾರು ನಿಧಾನವಾಯಿತು. ತಿರುಗಿಸಿದಳು, ಮತ್ತೆ ಒತ್ತಿದಳು...

ಸದ್ದು ಬಂತು. ಓಟ ಬರಲಿಲ್ಲ!

ಕಾರು ಆಕಳಿಸಿದಂತೆ ತೆವಳಿತು. ಮಡೊನ್ನಾಳ ಗುಡಿ ದಾಟಿದರೂ ಎರಡನೇ ಗೇರೇ. ಶುಕ್ರವಾರ ಇಲ್ಲಿ ಮೂರನೇ ಗೇರಿನಲ್ಲಿ ಹಾರಿದ್ದಳಲ್ಲ! ದಿನಾ ಓಡಿಸುವ ರಸ್ತೆ. ಅವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

'ದಪ್ಪ ಪೈಪಲ್ಲಿ ಹೊಗೆಗೆ ವೇಗವೇ ಇಲ್ಲ... ಸಣ್ಣ ಪೈಪಲ್ಲೇ ಅದು ರಭಸದಿಂದ ಹೊರಗೆ ನುಗ್ಗೋದು... ಅಯ್ಯೋ ದೇವರೇ! ಅವನು ಬಚ್ಚಿಟ್ಟಿರ್ಲಿಲ್ಲ. ಇದ್ದಿದ್ದನ್ನೆಲ್ಲ ಕೊಟ್ಟಿದ್ದ!'

ಅಭ್ಯಾಸದಲ್ಲಿ ಒಂಬತ್ತನೇ ಸ್ಥಾನ. ಕೆಳಗೆ ಬಂದಾಗ ಪಲೆರ್ಮೋದ ಆಸಾಮಿ ಆಗಲೇ ಟ್ರೈಲರ್ ತಂದು ನಿಲ್ಲಿಸಿದ್ದ!

ಸರೀನಾ ಕಾರಿನಿಂದ ಹಾರಿ ಇಳಿದು ಊರ ಕಡೆ ಓಡಲು ಹೊರಟವಳು ಗಕ್ಕನೆ ನಿಂತಳು. ಆಲಿವ್ ಮರದ ನೆರಳಿನಲ್ಲಿ ಲಿಲ್ಲೋನ ಮೂರು ಗಾಲಿಯ ಗೂಡ್ಸ್ ಗಾಡಿ. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಸೈಲೆನ್ಸರ್. ಪಕ್ಕದಲ್ಲಿ ಅವನು.

"ನೀವು... ಯಾವಾಗ ಬಂದ್ರಿ?"

"ಅಂಗಡಿಗೇ ಕೇಳಿಸ್ತು ಸದ್ದು. ಎರಡನೇ ತಿರುವಲ್ಲಿ ಕಾರು ಅಳ್ತಾ ಇತ್ತು. ಮನಸ್ಸು ತಡೀಲಿಲ್ಲ," ಎಂದ ಲಿಲ್ಲೋ. "ಬೇಡ ಅಂದ್ರೆ ವಾಪಸ್ ಹೋಗ್ತೀನಿ."

"ಹೋದ್ರೆ ಕಾಲು ಮುರೀತೀನಿ! ಸ್ಪ್ಯಾನರ್ ಕೊಡಿ!"

ಇಬ್ಬರೂ ಕಾರಿನ ಹಿಂದೆ ಮಲಗಿ ಕೆಳಕ್ಕೆ ನುಸುಳಿದರು. ಪೈಪು ಇನ್ನೂ ಕಾದು ಸುಡುತ್ತಿತ್ತು. ಬೋಲ್ಟು ಬಿಚ್ಚುವಾಗ ಲಿಲ್ಲೋನ ಮಣಿಕಟ್ಟು ಚುರ್ರೆಂದಿತು.

"ಅಯ್ಯೋ, ಬಿಡು! ಕೈ ಸುಟ್ಕೊಂಡ್ಯಲ್ಲ!"

'ನೀವು' ಎಲ್ಲಿ ಹೋಯಿತೋ ಏನೋ, ಅವಳಿಗೇ ತಿಳಿಯಲಿಲ್ಲ.

"ನಂಗೆ ಮೊದಲೇ ಹೇಳ್ಬೋದಿತ್ತಲ್ಲ ಲಿಲ್ಲೋ!"

"ತಪ್ಪು ನಂದೇ. ದಪ್ಪ ಬೇಡ ಅಂದಿದ್ರೆ ನೀನು ತೂರಿ ಹತ್ರ ಹೋಗ್ಬಿಡ್ತಿದ್ದೆ. ಮತ್ತೆ ಈ ಕಡೆ ತಲೆ ಹಾಕ್ತಿರ್ಲಿಲ್ಲ. ಸಣ್ಣ ಪೈಪು ನೋಡಿ ಹುಡುಗರು ನಿನ್ನ ಆಡ್ಕೋಬಾರದು ಅಂತ ತುದಿಗೆ ದಪ್ಪದ್ದು ಕೂರಿಸಿದೆ."

"ನಾನೂ ನಿನ್ನ ಮಾತು ಮುಗಿಸೋಕೆ ಬಿಡ್ಲಿಲ್ಲ... ಆದ್ರೆ ದಿನಾ ಬ್ರೆಡ್ ಹಿಡ್ಕೊಂಡು ಪೈಪು ನೋಡೋಕೆ ಬರ್ತಿದ್ದೆ ಅಂದ್ಕೊಂಡ್ಯಾ ಪೆದ್ದ?"

ಲಿಲ್ಲೋನ ಕೈಯಿಂದ ನಟ್ಟು ಜಾರಿ ಬಿತ್ತು.

ಅಷ್ಟರಲ್ಲಿ ಕಾರಿನ ಪಕ್ಕ ಹಿಟ್ಟು ಮೆತ್ತಿದ ಎರಡು ಚಪ್ಪಲಿ ಕಾಣಿಸಿದವು. ಮಿಮ್ಮಾ!

"ಪೂರ್ತಿ ಕೇಳಿಸ್ಕೊಳ್ದೆ ಓಡೋದ್ಯಲ್ಲೇ ಹುಚ್ಚಿ! ನಾನು ಕೇಳ್ಕೊಂಡಿದ್ದಕ್ಕೆ ಇವನು ಏನಂದ ಗೊತ್ತಾ? 'ಕಾರಿನ ಕತ್ತು ಹಿಸುಕೋದು ನನ್ನ ಕೈಲಿ ಆಗಲ್ಲ ಅತ್ತೆ. ಬ್ರೇಕು ನೋಡಿಕೊಡ್ತೀನಿ. ನಿಮ್ಮ ಮಗಳು ಹೋದ ಹಾಗೇ ವಾಪಸ್ ಬರ್ತಾಳೆ' ಅಂದ. ನಾಲ್ಕು ಗಾಲೀದೂ ಬ್ರೇಕ್ ಹೊಸದಾಗಿ ಮಾಡಿದ್ದಾನೆ. ದುಡ್ಡೂ ಮುಟ್ಟಲಿಲ್ಲ. ತಗೋ, ನಟ್ಟು ಇಲ್ಲಿ ಬಿದ್ದಿದೆ!"

ಸರೀನಾ ಲಿಲ್ಲೋನ ಕಡೆ ತಿರುಗಿದಳು. ಕಣ್ಣು ತುಂಬಿ ಬಂದಿತ್ತು. ಅವನು ಕೊನೆಯ ಬೋಲ್ಟು ಬಿಗಿಮಾಡಿದ.

"ಸರೀನಾ, ಇನ್ನೊಂದು ವಿಷ್ಯ ಮುಚ್ಚಿಟ್ಟಿದ್ದೀನಿ. ಹೇಳಿಬಿಡ್ತೀನಿ. ಮೊದಲ ದಿನ ನೀನು ಅಂಗಡಿಗೆ ನುಗ್ಗಿ ಬಂದಾಗಲೇ ನಾನು..."

"ಮೂವತ್ತೊಂದನೇ ನಂಬರ್! ಮೂವತ್ತೊಂದು ಎಲ್ಲಿ?" ಧ್ವನಿವರ್ಧಕ ಕೂಗಿತು. ಅವಳದೇ ನಂಬರು!

"ಏನು? ನೀನು ಏನು? ಬೇಗ ಹೇಳು!"

"ಹೋಗು, ಹೋಗು! ಬಂದ್ಮೇಲೆ ಹೇಳ್ತೀನಿ!"

ಹಸಿರು ದೀಪ ಹತ್ತಿತು. ಸರೀನಾ ಹಾರಿದಳು! ಕಾರ್ ಉಳಿಸಿಕೊಳ್ಳಬೇಕು ನಿಜ, ಅದರ ಜೊತೆಗೆ ಆ ಅರ್ಧ ಮಾತನ್ನೂ ಕೇಳಬೇಕಲ್ಲ! ಮೊದಲ ತಿರುವು... ಎರಡನೇ ಹಿಂತಿರುವು... ಬ್ರೇಕ್ ಹಿಡಿದಲ್ಲೇ ನಿಂತಿತು, ಬಿಟ್ಟಲ್ಲೇ ಓಡಿತು. ಸದ್ದು ಸಣ್ಣದು, ನೆಗೆತ ದೊಡ್ಡದು. ಮಡೊನ್ನಾಳ ಗುಡಿಯ ಮುಂದೆ ಮೂರನೇ ಗೇರು! ಸರೀನಾ ಒಬ್ಬಳೇ ಕಾರಿನೊಳಗೆ ಕಿರುಚಿದಳು.

ಬೆಟ್ಟದ ತುದಿ ಮುಟ್ಟಿದ ಮೇಲೆ ಹೊಸ ಫಜೀತಿ. ಕೊನೆಯ ಕಾರು ಬರುವವರೆಗೂ ಯಾರೂ ಕೆಳಗಿಳಿಯುವಂತಿಲ್ಲ. ಆಮೇಲೆ ಎಲ್ಲರೂ ಸಾಲಾಗಿ ಮೆರವಣಿಗೆಯಲ್ಲೇ ಇಳಿಯಬೇಕು. ಸರೀನಾ ಕಾರಿನ ಸುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಿದಳು. ಕೊನೆಗೆ ಫಲಿತಾಂಶ ಕೂಗಿದರು.

"ಸಣ್ಣ ಕಾರುಗಳಲ್ಲಿ ಮೂರನೆಯವರು... ನಂಬರ್ ಮೂವತ್ತೊಂದು, ಸರೀನಾ!"

ತೂರಿ ನಾಲ್ಕನೆಯವನು. ಕಾರು ಉಳಿಯಿತು! ಅವಳು ಸ್ಟಿಯರಿಂಗ್ ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಮೆರವಣಿಗೆ ಇಳಿಯತೊಡಗಿತು. ಎರಡನೇ ಹಿಂತಿರುವಿನ ಗೋಡೆಯ ಬಳಿ ಲಿಲ್ಲೋ ನಿಂತಿದ್ದ. ಕಾಯಲಾರದೆ ಅಷ್ಟು ದೂರ ನಡೆದೇ ಹತ್ತಿ ಬಂದಿದ್ದ. ಮಣಿಕಟ್ಟಿಗೆ ಮಿಮ್ಮಾಳ ಕರವಸ್ತ್ರ ಕಟ್ಟಿತ್ತು.

ಸರೀನಾ ನಡುರಸ್ತೆಯಲ್ಲೇ ಕಾರು ನಿಲ್ಲಿಸಿದಳು! ಹಿಂದಿನ ಕಾರುಗಳೆಲ್ಲ ಹಾರ್ನ್ ಬಾರಿಸತೊಡಗಿದವು.

"ಅರ್ಧ ಮಾತು ಬಾಕಿ ಇದೆ. ಹೇಳು."

"ಇಷ್ಟು ಜನದ ಎದುರಿಗಾ?"

"ಹೇಳೋವರೆಗೂ ಕಾರು ಕದಲಲ್ಲ!"

"ಏಯ್, ಬೇಗ ಹೇಳಿ ಸಾಯೋ ಮಾರಾಯ!" ಹಿಂದಿನಿಂದ ತೂರಿ ಕೂಗಿದ. "ಇಂಜಿನ್ ಕಾದು ಹೋಗ್ತಿದೆ!"

ಲಿಲ್ಲೋ ಕಿಟಕಿಗೆ ಬಗ್ಗಿದ. ಅವನ ಮೂಗಿನ ಮೇಲೆ ಇವತ್ತೂ ಮಸಿಯ ಗೆರೆ.

"ನಂಗೆ ನೀನು ಅಂದ್ರೆ ಪ್ರಾಣ ಸರೀನಾ. ಮೊದಲ ದಿನದಿಂದ."

"ನಂಗೂ..." ಅವಳ ದನಿ ಹಾರ್ನ್‌ಗಳ ಗದ್ದಲದಲ್ಲಿ ಅವನೊಬ್ಬನಿಗೇ ಕೇಳಿಸಿತು. "ಇನ್ಮೇಲೆ ಏನೇ ಇದ್ರೂ ನಂಗೆ ಹೇಳ್ಬೇಕು. ನಾನು ಪೂರ್ತಿ ಕೇಳ್ತೀನಿ. ಈಗ ಕಾರು ಹತ್ತು."

ಅವನು ಬಾಗಿಲು ತೆರೆದು ಪೆಚ್ಚಾಗಿ ನಿಂತ. "ಸೀಟೇ ಇಲ್ವಲ್ಲ!"

"ನೆಲದ ಮೇಲೆ ಕೂತ್ಕೋ!"

ಮಂಡಿ ಗದ್ದಕ್ಕೆ ತಾಗುವಂತೆ ಮುದುರಿ ಕೂತ ಅವನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಮೆಲ್ಲನೆ ಕಾರು ಇಳಿಜಾರಿಗೆ ಬಿಟ್ಟಳು.

"ನಾಳೆ ಪಕ್ಕದ ಸೀಟು ವಾಪಸ್ ಹಾಕಿಸ್ತೀನಿ," ಎಂದಳು.

"ಬೇಡ ಸರೀನಾ. ತೂಕ ಜಾಸ್ತಿ ಆಗುತ್ತೆ. ಮುಂದಿನ ವರ್ಷದ ಓಟಕ್ಕೆ..."

ಅವಳು ಗೇರಿನ ಮೇಲಿದ್ದ ಕೈಯನ್ನು ಅವನ ಕೈಯೊಳಗಿಟ್ಟಳು.

"ಆಗ್ಲಿ ಬಿಡು... ಆ ತೂಕ ನಂಗೆ ಬೇಕು."