ಒಂದೇ ತಂತಿ, ನಾಲ್ಕು ಬ್ರೌಸರ್

ಮೊದಲ ದಿನವೇ ಜಗಳವಾಯಿತು. ನೆಟ್ಟಿನ ಸ್ಪೀಡ್ ಅಳೆದಾಗ ಅವನ ಲ್ಯಾಪ್‌ಟಾಪ್ ತೊಂಬತ್ತನಾಲ್ಕು ಎಂದಿತು, ಅವಳದು ಮೂವತ್ತೊಂದು ಎಂದಿತು. ಎರಡಕ್ಕೂ ನೆಟ್ ಬರುತ್ತಿದ್ದುದು ಒಂದೇ ಗೋಡೆಯ ಒಂದೇ ಪೆಟ್ಟಿಗೆಯಿಂದ.

“ನಿಮ್ಮದಕ್ಕೆ ಮಾತ್ರ ಜೋರಾಗಿ ಬರೋ ಹಾಗೆ ಮಾಡ್ಕೊಂಡು ಬಂದಿದೀರಾ?” ಎಂದು ಅವಳು ಕೇಳಿದಳು.

ಕೇಬಲ್‌ನವನು ಬಾಗಿಲಲ್ಲೇ ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಕವರ್ ಏರಿಸಿಕೊಂಡು ಒಳಗೆ ಬಂದಿದ್ದ. ಗಿರಾಕಿಯ ನೆಲ ಕೊಳೆಯಾಗಬಾರದೆಂಬುದು ಅವನ ಕಂಪನಿಯ ಕಟ್ಟಳೆ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ತಲೆಯೆತ್ತದೆ, “ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ,” ಎಂದು ಗೊಣಗಿದ. ಬಾಯೊಳಗೇ ಉಳಿಯಬೇಕಾಗಿದ್ದ ಮಾತು. ಕೋಣೆ ಚಿಕ್ಕದು, ಹೊರಗೆ ಬಂದುಬಿಟ್ಟಿತು. ಪಕ್ಕದ ಕೋಣೆಯಲ್ಲಿ ಅವಳ ಸೋದರತ್ತೆ ಗಟ್ಟಿಯಾಗಿ ನಕ್ಕಳು.

ಅವನಿಗೆ ಕಿವಿಯವರೆಗೂ ಕೆಂಪೇರಿತು. ಅವಳು ಅದನ್ನು ನೋಡಿದಳು. ನೆಟ್ ನಿಧಾನವೆಂದು ಅವಳು ಕೊಟ್ಟಿದ್ದ ದೂರು ಮುಚ್ಚಬೇಕಾದರೆ ಅವನು ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು, ಅವಳ ಫೋನಿಗೆ ನಾಲ್ಕಂಕಿಯ ಸಂಖ್ಯೆ ಬರಬೇಕು, ಅದನ್ನು ಅವಳು ಬಾಯಿಬಿಟ್ಟು ಹೇಳಬೇಕು. ಅವನು ಒತ್ತಿದ, ಸಂಖ್ಯೆ ಬಂತು, ಅವಳು ಹೇಳಲಿಲ್ಲ.

ಹಟಕ್ಕೆ ಕಾರಣವಿತ್ತು. ಅವಳ ಕೆಲಸ ಮನೆಯಲ್ಲೇ ಕೂತು ಒಂದು ಕಾಲೇಜಿನ ಪಾಠಗಳನ್ನು ಕೇಳುವುದು, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುವುದು. ಅವಳು ಟೈಪ್ ಮಾಡಿದ್ದು ಕಿವಿ ಕೇಳದ ಹನ್ನೊಂದು ವಿದ್ಯಾರ್ಥಿಗಳ ಪರದೆಯ ಕೆಳಗೆ ಸಾಲಾಗಿ ಮೂಡುತ್ತಿತ್ತು. ಕೆಲಸಕ್ಕೆ ಉದ್ದನೆಯ ಹೆಸರೊಂದಿತ್ತು. ಅತ್ತೆ ಮಾತ್ರ ಅವಳನ್ನು ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದಳು. ಹಿಂದಿನ ವಾರ ಪಾಠ ತಡವರಿಸುತ್ತಾ ಬಂದು, ಅವಳ ಸಾಲುಗಳೂ ಹಿಂದೆ ಬಿದ್ದಿದ್ದವು. ಒಬ್ಬಳು ವಿದ್ಯಾರ್ಥಿನಿ ಬರೆದಿದ್ದಳು: ‘ಸರ್ ಜೋಕ್ ಹೇಳಿದರು, ಎಲ್ಲರೂ ನಕ್ಕರು, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನೊಬ್ಬಳೇ ನಕ್ಕೆ.’ ಆ ಸಾಲು ಟೈಪಿಸ್ಟಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಎರಡನೆಯ ಸಲ ಬಂದಾಗ ಕೇಬಲ್‌ನವನು ಮೊದಲು ಕ್ಷಮೆ ಕೇಳಿದ. ಆಮೇಲೆ ಅವಳದೇ ಲ್ಯಾಪ್‌ಟಾಪಿನಲ್ಲಿದ್ದ ನಾಲ್ಕು ಬ್ರೌಸರುಗಳನ್ನು ಒಂದೊಂದಾಗಿ ತೆರೆದು, ಒಂದೊಂದರಲ್ಲೂ ಸ್ಪೀಡ್ ಟೆಸ್ಟ್ ಓಡಿಸಲು ಹೇಳಿದ. ನಾಲ್ಕರಲ್ಲೂ ನೋಡಬೇಕು, ಕಂಪನಿಯ ನಿಯಮ ಎಂದ. ಅವಳು ದಿನವೂ ಬಳಸುವುದರಲ್ಲಿ ಮತ್ತೆ ಮೂವತ್ತೊಂದು. ಎಂದೂ ತೆರೆಯದೆ ಬಿಟ್ಟಿದ್ದ ಒಂದರಲ್ಲಿ ತೊಂಬತ್ತೊಂದು. ಉಳಿದೆರಡು ನಡುವೆ ಎಲ್ಲೋ.

“ಇದೇನು, ಒಂದೇ ಮನೆಯಲ್ಲಿ ನಾಲ್ಕು ಸಾಕ್ಷಿ, ನಾಲ್ಕು ಮಾತು?”

“ಯಾವುದೂ ಸುಳ್ಳು ಹೇಳ್ತಿಲ್ಲ,” ಎಂದ ಅವನು. “ಸ್ಪೀಡ್ ಅಳೆಯೋದು ತಂತಿ ಅಲ್ಲ, ಬ್ರೌಸರ್. ಬಂದಿದ್ದನ್ನ ಬಿಡಿಸಿ, ಎಣಿಸಿ, ಇಷ್ಟು ಬಂತು ಅಂತ ಹೇಳೋದು ಅದು. ಅದಕ್ಕೆ ಬೇರೆ ಕೆಲಸ ಜಾಸ್ತಿ ಇದ್ರೆ ಎಣಿಕೆ ನಿಧಾನ ಆಗತ್ತೆ. ನಲ್ಲಿ ಬಾಯಿಗೆ ನಾಲ್ಕು ಮಡಿಕೆ ಬಟ್ಟೆ ಕಟ್ಟಿದೀರಿ ಅನ್ಕೊಳಿ. ಟ್ಯಾಂಕು ತುಂಬಿದ್ರೂ ಬಿಂದಿಗೆ ತುಂಬೋದು ತಡ.”

ಬಟ್ಟೆಯ ಮಡಿಕೆಗಳನ್ನು ಅವನು ಬೆರಳು ಮಡಿಸಿ ಎಣಿಸಿದ. ಜಾಹೀರಾತು ತಡೆಯುವುದು ಒಂದು, ಕಾಗುಣಿತ ತಿದ್ದುವುದು ಇನ್ನೊಂದು, ಬಂದದ್ದನ್ನೆಲ್ಲ ವೈರಸ್ ಇದೆಯೇ ಎಂದು ಮೂಸಿ ನೋಡುವುದು ಮತ್ತೊಂದು. ಸಾಲದ್ದಕ್ಕೆ ತೆರೆದಿಟ್ಟ ಅರವತ್ತಮೂರು ಟ್ಯಾಬುಗಳು. ಬ್ರೌಸರನ್ನೇ ಅಪ್‌ಡೇಟ್ ಮಾಡಿ ಎಷ್ಟು ಕಾಲವಾಯಿತೋ ದೇವರಿಗೇ ಗೊತ್ತು. ಇವನ್ನೆಲ್ಲ ತೆಗೆದರೆ ಸರಿಹೋಗುತ್ತದೆ; ಆದರೆ ಅವನು ಕೈ ಹಾಕುವಂತಿಲ್ಲ. ಪೆಟ್ಟಿಗೆಯವರೆಗೆ ಕಂಪನಿಯ ಜವಾಬ್ದಾರಿ, ಪೆಟ್ಟಿಗೆಯಿಂದಾಚೆ ಮನೆಯವರದು.

ಆ ಹಳೆಯ ಬ್ರೌಸರನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಏಳು ವರ್ಷ ಕೂಡಿಸಿದ ಶಾರ್ಟ್‌ಕಟ್ಟುಗಳು ಅದರಲ್ಲಿದ್ದವು. ‘ಪ್ರನ’ ಎಂದು ಒತ್ತಿದರೆ ‘ಪ್ರಾಧ್ಯಾಪಕರು ನಗುತ್ತಿದ್ದಾರೆ’ ಎಂದು ತಾನೇ ಮೂಡುತ್ತಿತ್ತು. ಅಂಥವು ಎಂಟುನೂರು. ಎಲ್ಲ ಮಾತಿಗೂ ಶಾರ್ಟ್‌ಕಟ್ ಮಾಡುವುದಿಲ್ಲ, ಒಂದು ಮಾತನ್ನು ಇಪ್ಪತ್ತು ಸಲವಾದರೂ ಟೈಪ್ ಮಾಡಿರಬೇಕು, ಅದು ತನ್ನ ನಿಯಮ ಎಂದಳು. ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲು ಕಿರಿದಾಗುತ್ತಿತ್ತು. ಯೋಚಿಸಿ ಹೇಳುತ್ತೇನೆ ಎಂದು ಅವಳು ಸಂಖ್ಯೆಯನ್ನು ಆ ದಿನವೂ ಇಟ್ಟುಕೊಂಡಳು.

ಅವನು ಹೋದ ಅರ್ಧ ಗಂಟೆಯಲ್ಲೇ ಅವಳು ಪಾಠದ ಪುಟವನ್ನು ತೊಂಬತ್ತೊಂದರ ಬ್ರೌಸರಿಗೆ ಸಾಗಿಸಿದಳು. ಶಾರ್ಟ್‌ಕಟ್ಟುಗಳಿಲ್ಲದೆ ಬೆರಳು ನೋಯುವಷ್ಟು ಟೈಪ್ ಮಾಡಬೇಕಾಯಿತು. ಆದರೆ ಮಧ್ಯಾಹ್ನದ ಪಾಠದಲ್ಲಿ ಪ್ರಾಧ್ಯಾಪಕರು ಜೋಕ್ ಹೇಳಿದಾಗ ಹನ್ನೊಂದು ಜನವೂ ಎಲ್ಲರ ಜೊತೆಯಲ್ಲೇ ನಕ್ಕರು. ತೊಂದರೆ ಅಲ್ಲಿಗೆ ಮುಗಿಯಿತು.

ದೂರು ಮುಗಿಯಲಿಲ್ಲ.

ಮೂರನೆಯ ಸಲ, ನಾಲ್ಕನೆಯ ಸಲ ಅವನು ಬಂದಾಗಲೂ ಅವಳು ಹಳೆಯ ಬ್ರೌಸರಿನ ಮೂವತ್ತೊಂದನ್ನೇ ತೋರಿಸಿದಳು. ಬರುವುದು ಹನ್ನೊಂದಕ್ಕೆ. ನಾಲ್ಕು ಬ್ರೌಸರಿನ ನಾಲ್ಕು ಟೆಸ್ಟು, ಒಂದೊಂದಕ್ಕೆ ನಲವತ್ತು ಸೆಕೆಂಡು. ಪರದೆಯ ಸ್ಪೀಡ್ ಮೀಟರಿನ ಮುಳ್ಳು ಏರುವಷ್ಟು ಹೊತ್ತು ಇಬ್ಬರೂ ಪರದೆಯನ್ನೇ ನೋಡಬೇಕು, ಬೇರೇನೂ ಮಾಡುವ ಹಾಗಿಲ್ಲ. ಪುಟ ಬದಲಾಗುವಾಗ ಪರದೆ ಕಪ್ಪಾಗಿ ಅದರಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವನು ಅಲ್ಲಿ ಅವಳನ್ನು ನೋಡುತ್ತಿದ್ದ. ಅವಳು ಅಲ್ಲಿ ಅವನು ನೋಡುವುದನ್ನು ನೋಡುತ್ತಿದ್ದಳು. ಮುಳ್ಳು ಬಂದು ನಿಂತರೆ ಇಬ್ಬರೂ ಸಂಖ್ಯೆ ಓದುತ್ತಿದ್ದರು.

ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗ ಅವನು ಏಳಲೇಬೇಕು. ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಿತ್ತು. ಮನೆ ಮೂರು ಬೀದಿ ಆಚೆ. ಅಪ್ಪ ಹನಿ ಹಾಕಿಸಿಕೊಳ್ಳುವಾಗ ಮಗುವಿನ ಹಾಗೆ ಕಣ್ಣು ಬಿಗಿಹಿಡಿಯುತ್ತಾನೆ, ಹಾಡು ಹೇಳಿದರಷ್ಟೇ ಬಿಡುತ್ತಾನೆ ಎಂದು ಅವನು ಹೇಳಿದ್ದ. ಯಾವ ಹಾಡು ಎಂದು ಕೇಳಿದರೆ ಮಾತ್ರ ಹೇಳಲಿಲ್ಲ.

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನು ಜೋಡಿಸಿದವಳು. ನಾಲ್ಕನೆಯ ಸಲ ಅವನು ಹೋದ ಮೇಲೆ ಬಟ್ಟೆ ಮಡಿಸುತ್ತಾ, ಯಾರನ್ನೂ ಉದ್ದೇಶಿಸದವಳ ಹಾಗೆ ಹೇಳಿದಳು: “ಫೋನ್ ಇಡೋಕೆ ಮನಸ್ಸಿಲ್ಲದೋರು ಇರ್ತಾರಲ್ಲ, ಅವರಿಗೆ ಮಾತು ಖಾಲಿ ಆದ್ರೂ ‘ಮತ್ತೆ?’ ಅಂತಾರೆ. ಆ ಕಡೆಯೋರು ‘ಮತ್ತೇನಿಲ್ಲ’ ಅಂತಾರೆ. ಆದ್ರೂ ಇಡಲ್ಲ. ನಿನ್ನ ಕಂಪ್ಲೇಂಟು ಹಾಗಾಗಿದೆ ಟೈಪಿಸ್ಟಮ್ಮ.”

“ನೆಟ್ ನಿಜವಾಗಲೂ ಸ್ಲೋ ಇದೆ ಅತ್ತೆ.”

“ನೆಟ್ ಅಲ್ಲ ಕಣೇ, ನೀವಿಬ್ಬರು.”

ಅದಾದ ಮೂರನೆಯ ದಿನ ಬೆಳಗ್ಗೆ ಕಂಪನಿಯ ದೂರು ವಿಭಾಗದಿಂದ ಹೆಂಗಸೊಬ್ಬಳು ಫೋನ್ ಮಾಡಿದಳು. ತುಂಬಾ ಮರ್ಯಾದೆಯ ದನಿ. ನಾಲ್ಕು ಸಲ ಬಂದರೂ ದೂರು ಮುಚ್ಚದಿರುವುದಕ್ಕೆ ವಿಷಾದಿಸುತ್ತೇವೆ ಎಂದಳು. ಈ ದಿನ ಸಂಜೆ ಐದರವರೆಗೂ ತೆರೆದೇ ಇದ್ದರೆ ಹಿರಿಯ ತಂತ್ರಜ್ಞರು ಬರುತ್ತಾರೆ, ಚಿಂತೆ ಬೇಡ; ಹಾಗಾದರೆ ಕೆಲಸ ಬಾರದ ಆ ಹುಡುಗನನ್ನು ಸೋಮವಾರದಿಂದ ಊರಾಚೆಯ ವಿಭಾಗಕ್ಕೆ ಹಾಕುತ್ತೇವೆ ಎಂದಳು. ಆ ವಿಭಾಗ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ.

ಟೈಪಿಸ್ಟಮ್ಮ ಫೋನನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದಳು. ಹನಿ, ಹನ್ನೆರಡು ಗಂಟೆ, ಮೂರು ಬೀದಿ. ತಾನು ಆಟಕ್ಕೆ ಹಿಡಿದಿಟ್ಟುಕೊಂಡ ನಾಲ್ಕಂಕಿಗೆ ಇನ್ನೊಂದು ತುದಿಯಿದೆ, ಅದನ್ನು ಯಾರೋ ಎಳೆಯುತ್ತಿದ್ದಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ದೂರು ಮುಚ್ಚದಿದ್ದರೆ ಅವನು ಬರುವುದಿಲ್ಲ. ಮುಚ್ಚಿದರೆ ಬರಲು ಕಾರಣವೇ ಇರುವುದಿಲ್ಲ. ಅವಳು ಮತ್ತೆ ಫೋನೆತ್ತಿ, ಹಿರಿಯರು ಬೇಡ, ಅವರನ್ನೇ ಇನ್ನೊಮ್ಮೆ ಕಳಿಸಿ ಎಂದಳು.

ಅವನು ಹನ್ನೊಂದಕ್ಕೆ ಬಂದ. ಕವರ್ ಏರಿಸಿಕೊಂಡ, ಬ್ಯಾಗ್ ಇಳಿಸಿದ, ಪೆಟ್ಟಿಗೆಯ ಮುಂದೆ ಕೂರಲು ಹೋದ.

“ಅದನ್ನ ನೋಡ್ಬೇಡಿ,” ಎಂದಳು ಅವಳು. “ನೀವು ಎರಡನೇ ಸಲ ಬಂದಿದ್ರಲ್ಲ, ಆವತ್ತೇ ಸರಿಹೋಯ್ತು. ನಾನು ಸುಳ್ಳು ಹೇಳಿದೆ. ಎರಡು ಸಲ.”

ಅವನು ಅವಳ ಕೈ ನೋಡಿದ. ಬಲಗೈಯ ಎರಡು ಬೆರಳುಗಳಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿತ್ತು. ಶಾರ್ಟ್‌ಕಟ್ ಇಲ್ಲದೆ ಅಷ್ಟೂ ದಿನ ಟೈಪ್ ಮಾಡಿದಿರಾ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಮೊದಲ ಬಾರಿಗೆ ಅವಳ ಕುರ್ಚಿಯಲ್ಲಿ ಕೂತು ಅವಳ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

ಎಂಟುನೂರು ಶಾರ್ಟ್‌ಕಟ್ಟುಗಳನ್ನು ಒಂದೇ ಫೈಲಾಗಿ ಹೊರಗೆ ತೆಗೆಯಬಹುದಿತ್ತು. ತೆಗೆದ, ಹೊಸ ಬ್ರೌಸರಿನೊಳಗೆ ಇಳಿಸಿದ. ಆರು ನಿಮಿಷದ ಕೆಲಸ. ಸರಿಯಾಗಿ ಬಂದಿದೆಯೋ ನೋಡಲು ಖಾಲಿ ಪುಟವೊಂದನ್ನು ತೆರೆದು, ಯಾವ ಮನೆಗೆ ಹೋದರೂ ಕೈ ತಾನಾಗಿ ಬರೆಯುವ ‘ಕೇಬಲ್ ಟೆಸ್ಟ್’ ಎಂಬುದನ್ನು ಬರೆಯತೊಡಗಿದ.

‘ಕೇಬ’ದವರೆಗೆ ಬಂದಿದ್ದ. ಪರದೆಯ ಮೇಲೆ ಪೂರಾ ಸಾಲು ಮೂಡಿ ನಿಂತಿತು:

‘ನಮ್ಮ ಕೇಬಲ್‌ನವರು ಹೇಳ್ತಿದ್ದರು’

ಆ ಎಂಟುನೂರರಲ್ಲಿ ಇದೂ ಇದೆಯೆಂಬುದು ಅವಳಿಗೆ ಮರೆತೇ ಹೋಗಿತ್ತು. ಕೆಲಸದ ಗೆಳತಿಗೆ ಹಳೆಯ ಬ್ರೌಸರಿನಿಂದಲೇ ದಿನವೂ ಬರೆಯುವ ಮಾತು. ಕೇಬಲ್‌ನವರು ಹೇಳ್ತಿದ್ದರು, ಟ್ಯಾಬು ಜಾಸ್ತಿ ತೆರೀಬಾರದಂತೆ. ಕೇಬಲ್‌ನವರು ಹೇಳ್ತಿದ್ದರು, ಕಣ್ಣಿನ ಹನಿ ಫ್ರಿಜ್ಜಿನಲ್ಲಿಡಬೇಕಂತೆ. ಸಾಕಾಗಿ ಒಂದು ದಿನ ಶಾರ್ಟ್‌ಕಟ್ ಮಾಡಿದ್ದಳು.

ಅವನು ಆ ಸಾಲನ್ನು ಟೆಸ್ಟಿನ ಫಲಿತಾಂಶ ಓದುವ ಹಾಗೆ ನಿಧಾನವಾಗಿ ಓದಿದ.

“ಇಪ್ಪತ್ತು ಸಲ?” ಎಂದ.

“ಜಾಸ್ತಿನೇ ಆಗಿರಬೇಕು.”

ಪಕ್ಕದ ಕೋಣೆಯಲ್ಲಿ ಹಾಡುತ್ತಿದ್ದ ಅತ್ತೆಯ ರೇಡಿಯೋ ಇದ್ದಕ್ಕಿದ್ದಂತೆ ನಿಂತಿತು.

ಅವನು ತನ್ನ ಫೋನ್ ತೆಗೆದು ಗುಂಡಿ ಒತ್ತಿದ. ಅವಳ ಫೋನು ಸದ್ದು ಮಾಡಿತು. ಅವಳು ಏಳು, ಸೊನ್ನೆ, ಎರಡು ಎಂದು ಹೇಳಿ ಕೊನೆಯದಕ್ಕೆ ತುಸು ತಡೆದಳು. ಆಮೇಲೆ ಅದನ್ನೂ ಹೇಳಿಬಿಟ್ಟಳು. ಐದು. ದೂರು ಮುಚ್ಚಿತು. ಅವನ ಫೋನಿನಲ್ಲಿ ಹಸಿರು ಗುರುತು ಬಂತು.

“ನಾನೂ ಒಂದು ಹೇಳ್ಬೇಕು,” ಎಂದ ಅವನು, ಬ್ಯಾಗಿನ ಜಿಪ್ ಎಳೆಯುತ್ತಾ. “ನಿಯಮದ ಪ್ರಕಾರ ಟೆಸ್ಟು ಒಂದೇ ಸಲ. ಅದೂ ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ.”

“ಮತ್ತೆ ನಾಲ್ಕು ಬ್ರೌಸರು?”

“ನಾಲ್ಕು ನಲವತ್ತಲೆ ನೂರ ಅರವತ್ತು ಸೆಕೆಂಡು ಸಿಗ್ತಿತ್ತು. ಐದನೇ ಬ್ರೌಸರ್ ಇದ್ದಿದ್ರೆ ಅದನ್ನೂ ಓಡಿಸ್ತಿದ್ದೆ.”

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬರುವ ಹಾಗಾಯಿತು. ಆಫೀಸಿನಿಂದ ಬಂದ ಫೋನಿನ ವಿಷಯ ಹೇಳಿದಳು. ಅವನಿಗೆ ಅದು ನಾಲ್ಕು ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಸಂಖ್ಯೆ ಯಾಕೆ ಬೇಡಲಿಲ್ಲ ಎಂದು ಅವಳು ಕೇಳಿದ್ದಕ್ಕೆ, ಬೇಡಿದ್ದರೆ ನೀವು ಕೊಟ್ಟುಬಿಡುತ್ತಿದ್ದಿರಿ, ಅದೇ ಭಯ ಎಂದ. ಬಾಗಿಲ ಬಳಿ ಕವರುಗಳನ್ನು ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡ. ಹನ್ನೆರಡಕ್ಕೆ ಇನ್ನು ಕಾಲು ಗಂಟೆ ಇತ್ತು.

“ಮತ್ತೆ?” ಎಂದ.

“ಮತ್ತೇನಿಲ್ಲ,” ಎಂದಳು ಅವಳು, ಬಾಗಿಲು ಹಿಡಿದುಕೊಂಡೇ. ಅವನು ಎರಡು ಮೆಟ್ಟಿಲು ಇಳಿದ ಮೇಲೆ, “ಭಾನುವಾರ ನನಗೆ ಪಾಠ ಇರಲ್ಲ,” ಎಂದಳು.

ಭಾನುವಾರ ಹನ್ನೊಂದಕ್ಕೆ ಬಾಗಿಲ ಕರೆಗಂಟೆ ಮೊಳಗಿತು. ಅವಳಿಗಿಂತ ಮುಂಚೆ ಅತ್ತೆ ಹೋಗಿ ಬಾಗಿಲು ತೆರೆದಳು. ಕೇಬಲ್‌ನವನು ನಿಂತಿದ್ದ. ಬ್ಯಾಗಿರಲಿಲ್ಲ, ಕೊರಳಲ್ಲಿ ಗುರುತಿನ ಚೀಟಿಯಿರಲಿಲ್ಲ. ಬ್ಯಾಗಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಕಟ್ಟಿಕೊಳ್ಳುತ್ತಿದ್ದ.

“ನಮ್ಮನೆ ನೆಟ್ ಚೆನ್ನಾಗೇ ಬರ್ತಿದೆಯಲ್ಲ,” ಎಂದಳು ಅತ್ತೆ. “ಕಂಪ್ಲೇಂಟು ಯಾರು ಕೊಟ್ರು?”

“ಯಾರೂ ಇಲ್ಲ,” ಎಂದ ಅವನು. “ಹಾಗೇ ಬಂದೆ.”

ಅಭ್ಯಾಸಬಲದಿಂದ ಅವನ ಕೈ ಜೇಬಿಗೆ ಹೋಗಿ ನೀಲಿ ಕವರನ್ನು ಹೊರಗೆಳೆಯಿತು. ಅತ್ತೆ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಐದು ಸಲವೂ ಅವನಿಗೆ ಬನ್ನಿ, ಹೋಗಿ ಎಂದೇ ಹೇಳಿದ್ದವಳು ಈಗ ಬಾಗಿಲಿಂದ ಪಕ್ಕಕ್ಕೆ ಸರಿದಳು.

“ಇದೆಲ್ಲ ಬೇಡ. ಶೂ ಬಿಚ್ಚಿಟ್ಟು ಒಳಗೆ ಬಾ.”