ರಸ್ತೆಗೆ ಅಡ್ಡ ನಿಂತವನು

ಯುಗಾದಿ ಕಳೆದ ವಾರ ಅಳಿಯ ಗಿರೀಶನ ಹೊಸ ಕಾರಿನಲ್ಲಿ ಹಿರಿಯೂರಿನಿಂದ ದುರ್ಗಕ್ಕೆ ಹೊರಟಿದ್ದೆವು. ಮಟಮಟ ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಮಗಳು ಕೂಸನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಗಿರೀಶ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ತೋರಿಸಿದ.

"ನೋಡ್ರಿ ಮಾವ, ಬಿಳಿ ಗೆರೆ ದಾಟದಂಗೆ ತಾನೇ ಹೋಗ್ತೈತೆ. ಅಡ್ಡ ಏನಾರ ಬಂದ್ರೆ ತಾನೇ ನಿಲ್ತೈತೆ."

"ಅದ್ರ ಕೆಲ್ಸ ಅದು ಮಾಡ್ಲಿ. ನೀನು ಕೈ ಇಟ್ಕಳಪ್ಪ."

ಐಮಂಗಲ ದಾಟಿದ ಮೇಲೆ ಕಾರು ಕೀಂಯ್ ಎಂದು ಕೂಗಿ ತಾನೇ ನಿಂತುಬಿಟ್ಟಿತು. ಮುಂದೆ ರಸ್ತೆ ಖಾಲಿ. ಆದರೆ ಸ್ಟೇರಿಂಗ್ ಹಿಂದಿನ ಪರದೆಯಲ್ಲಿ, ನಮಗೆ ಅಡ್ಡವಾಗಿ, ಒಬ್ಬ ಮನುಷ್ಯನ ಚಿತ್ರ ಮೂಡಿತ್ತು. ಕೂಗು ನಿಲ್ಲಲಿಲ್ಲ. ಎಸಿ ಹಾಕಿರಲಿಲ್ಲ, ಆದರೂ ನನ್ನ ಮೊಣಕಾಲು ತಣ್ಣಗಾದವು. ನೆನೆದ ಕಂಬಳಿಯ ವಾಸನೆ ಬಂತು.

"ಸೆನ್ಸರ್ ಕೆಟ್ಟೈತೆ ಮಾವ, ಎಕ್ಸಲೇಟರ್ ಒತ್ತಿ ಹೋಗಾಣ. ಹಿಂದ್ಗಡೆ ಲಾರಿ ಬಂದು ಗುದ್ದಿದ್ರೆ ಕೂಸಿನ ಗತಿಯೇನು?"

ನಾನು ಅವನ ಮೊಣಕಾಲು ಒತ್ತಿ ಹಿಡಿದೆ. ಕುರಿ ರಸ್ತೆ ದಾಟುವಾಗ ನಮ್ಮ ಕುರಿಗಾರರಲ್ಲಿ ಒಬ್ಬ ನಡುರಸ್ತೆಯಲ್ಲಿ ಅಡ್ಡ ನಿಲ್ಲುತ್ತಾನೆ. ಕೊನೆಯ ಮರಿ ದಾಟುವ ತನಕ ಕದಲುವುದಿಲ್ಲ. ನಮ್ಮಣ್ಣ ಯತ್ತಪ್ಪ ಮಳೆಯಲ್ಲಿ ಕಂಬಳಿ ಹೊದ್ದು ಹಾಗೆ ನಿಂತಿದ್ದಾಗ ಲಾರಿಗೆ ಸಿಕ್ಕಿ ಸತ್ತದ್ದು ಇದೇ ಜಾಗದಲ್ಲಿ.

"ತಡಿ," ಎಂದೆ.

ಇನ್ನೂರು ಕುರಿ ದಾಟುವಷ್ಟು ಹೊತ್ತು ಕಾದೆವು. ಆಮೇಲೆ ಪರದೆಯ ಚಿತ್ರ ಅಳಿಸಿಹೋಯಿತು, ಕೂಗೂ ನಿಂತಿತು.

ನಮ್ಮ ಹಿಂದೆ ಒಂದು ಹಳೇ ಲಾರಿ ಬಂದು ನಿಂತಿತ್ತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಎಲ್ಲಾ ದಾಟಿದ್ವು ನಡೀರಿ ಅಜ್ಜಾ! ಆ ಕುಂಟ ಮರೀನೂ ಆಯಪ್ಪ ಎತ್ಕಂಡು ಹೋದ."